ಕೈಯಿಂದ ಕೈಗೆ ಕೊಟ್ಟ ಈಳಿಗೆ

ಆ ದಿನ ಬೆಳಿಗ್ಗೆ ನಾನು ಈಳಿಗೆಯನ್ನು ಚಿಗವ್ವನ ಕೈಗೇ ಕೊಟ್ಟೆನೋ, ಅವಳ ಮುಂದೆ ನೆಲಕ್ಕಿಟ್ಟೆನೋ, ನನಗೆ ಗೊತ್ತಿಲ್ಲ. ಕೊಟ್ಟೆ ಅಂತಲೇ ನೆನಪು ಹೇಳುತ್ತದೆ. ಹಲಗೆಯ ಅಂಚು ಅಂಗೈಗೆ ಒತ್ತಿದ್ದು, ಚಿಗವ್ವನ ಬಳೆ ಅದಕ್ಕೆ ತಾಗಿ ಸದ್ದಾದದ್ದು, ಬೆಳಕಿಂಡಿಯಿಂದ ಬಿದ್ದ ಬಿಸಿಲು ಅಲಗಿನ ಮೇಲೆ ಒಂದು ಗೆರೆಯಾಗಿ ನಿಂತದ್ದು, ಎಲ್ಲ ಕಣ್ಣ ಮುಂದಿದೆ. ಇಷ್ಟು ಚೊಕ್ಕವಾಗಿ ಇರುವುದೇ ನನಗೆ ಅನುಮಾನ. ಎಂಟು ವರ್ಷದ ಹುಡುಗನಿಗೆ ಒಂದೇ ಮಾತನ್ನು ಮೇಲಿಂದ ಮೇಲೆ ಹೇಳಿದರೆ, ಆ ಮಾತಿಗೆ ಬೇಕಾದ ಬಳೆ, ಬಿಸಿಲು, ಸದ್ದು ಎಲ್ಲವನ್ನೂ ಅವನೇ ಹೊಂದಿಸಿಕೊಳ್ಳುತ್ತಾನೆ. ಅವ್ವ ಸಾಯುವ ತನಕ "ನೀ ಕೊಡಲಿಲ್ಲೋ, ಆಕಿನಽ ಕಸಗೊಂಡ್ಲು" ಎನ್ನುತ್ತಿದ್ದಳು. ಚಿಗವ್ವನ ಗಂಡ ಕಾಕಾ, ಅಂದರೆ ಅಪ್ಪನ ತಮ್ಮ, ಇದ್ದಾಗ ಬೆಕ್ಕು ಅಡ್ಡ ಬಂತು ಎಂದು ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಬೆಕ್ಕು ಇದ್ದದ್ದು ನನಗೆ ನೆನಪಿಲ್ಲ. ಆದರೆ ನಮ್ಮ ಮನೆಯಲ್ಲಿ ಕೊನೆಯ ಮಾತು ಆಯಿಯದು, ಅಂದರೆ ಅಪ್ಪನ ತಾಯಿಯದು. ಅವಳು ಹೇಳಿದ್ದು ಒಂದೇ ವಾಕ್ಯ:

"ಹುಡುಗ ಈಳಗಿ ಕೈಯಾಗ ಕೊಟ್ಟ, ಮನಿ ಒಡೀತು."

ನಮ್ಮ ಕಡೆ ಅಲಗಿರುವ ವಸ್ತುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ನೆಲಕ್ಕಿಡಬೇಕು, ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂಬ ನಂಬಿಕೆ. ನಾನು ಧಾರವಾಡದಲ್ಲಿ ತರ್ಕಶಾಸ್ತ್ರ ಓದಿದವನು. ಒಂದರ ಹಿಂದೆ ಇನ್ನೊಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ತಿಳಿಯುವುದು ಎಂಥ ಎಳಸು ತಪ್ಪು ಎಂಬುದನ್ನು ಮೊದಲ ವರ್ಷದಲ್ಲೇ ಕಲಿತೆ. ಆಮೇಲೆ ನಾಲ್ಕು ಊರುಗಳ ಕಾಲೇಜುಗಳಲ್ಲಿ, ಎಲ್ಲಿಯೂ ಬಹಳ ದಿನ ನಿಲ್ಲಲಾರದೆ, ಅದನ್ನೇ ಕಲಿಸಿದೆ. ಕಾಗೆ ಕೂತಿತು, ಟೊಂಗೆ ಮುರಿಯಿತು ಎಂಬ ಉದಾಹರಣೆ ಕೊಡುತ್ತಿದ್ದೆ. ಈಳಿಗೆಯ ಉದಾಹರಣೆಯನ್ನು ಒಂದು ಸಲವೂ ಕೊಡಲಿಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ನಾನು ಚಾಕುವನ್ನು ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದ ಮೇಲೆಯೇ ಹೆಂಡತಿ ಅದನ್ನು ಮುಟ್ಟಬೇಕು. ಕೈಗೆ ತಾಗೀತು, ಅದಕ್ಕೇ ಹೀಗೆ, ಎಂದು ಅವಳಿಗೆ ಹೇಳಿದ್ದೇನೆ.

"ಏನ್ರಿ, ಕೈಯಾಗ ಕೊಟ್ರ ಬ್ಯಾರೆ ಮನಿ ಮಾಡ್ತೀರೇನ?" ಎಂದು ಅವಳು ನಗುತ್ತಾಳೆ. ನಾನು ನಕ್ಕಂತೆ ಮಾಡುತ್ತೇನೆ. ಇಷ್ಟು ವರ್ಷ ಹೀಗೆ ನಕ್ಕಂತೆ ಮಾಡಿ ಸಾಕಾಗಿದೆ.

ಮಮದಾಪುರದ ನಮ್ಮ ಮನೆ ಉದ್ದನೆಯದು. ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಎತ್ತರದ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಅಡುಗೆ ಮನೆ. ನಡುಮನೆಯ ಮೂಲೆಯಲ್ಲಿ ಸೆಗಣಿ ಬಳಿದ ಬಿದಿರಿನ ಕಣಜ, ನನ್ನ ಎರಡರಷ್ಟು ಎತ್ತರ, ವರ್ಷದ ಜೋಳವೆಲ್ಲ ಅದರಲ್ಲಿ. ಅಡುಗೆ ಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದರ ಬೆಳಕು ಎಲ್ಲಿ ಬೀಳುತ್ತದೋ ಅಲ್ಲಿ ಈಳಿಗೆಯ ಜಾಗ. ಬೆಳಿಗ್ಗೆ ಒಲೆಯ ಕಡೆ, ಮಧ್ಯಾಹ್ನ ನಡುವೆ, ಸಂಜೆ ಬಾಗಿಲ ಕಡೆ. ಹೆಂಗಸರು ಬಿಸಿಲಿನ ಹಿಂದೆ ಹಲಗೆಯನ್ನು ಸರಿಸಿಕೊಂಡು ಹೋಗುತ್ತಿದ್ದರು. ಒಂದು ಕಾಲು ಮಡಚಿ, ಇನ್ನೊಂದು ಕಾಲಿನಿಂದ ಹಲಗೆಯನ್ನು ಒತ್ತಿ ಹಿಡಿದು ಕೂತರೆ ಎರಡೂ ಕೈ ಖಾಲಿ. ಚಾಕುವಿನಿಂದ ಕೊಯ್ಯುವವರು ಚಾಕು ಆಡಿಸುತ್ತಾರೆ. ಈಳಿಗೆ ಸುಮ್ಮನೆ ನಿಂತಿರುತ್ತದೆ, ಕಾಯಿಪಲ್ಲೆಯೇ ಅದರ ಹತ್ತಿರ ಹೋಗಿ ಎರಡಾಗಿ ಬರುತ್ತದೆ. ಅವ್ವ ಮೆಂತ್ಯೆ ಸೊಪ್ಪು ಹೆಚ್ಚುವಾಗ ಬರುತ್ತಿದ್ದ ಸದ್ದು, ಒಣ ಹುಲ್ಲಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗೆ. ಉಳ್ಳಾಗಡ್ಡಿಗೆ ಆ ಸದ್ದೂ ಇರಲಿಲ್ಲ.

ಆ ಈಳಿಗೆಯಲ್ಲಿ ನೋಡಲು ಏನೂ ಇರಲಿಲ್ಲ. ಮೈಯೆಲ್ಲ ಕಪ್ಪು. ಬೆನ್ನಿನ ಮೇಲೆ ಸುತ್ತಿಗೆಯ ಪೆಟ್ಟುಗಳು ಹಾಗೇ ಉಳಿದಿದ್ದವು. ಕಂಬಾರ ಅವನ್ನು ಉಜ್ಜಿ ನುಣುಪು ಮಾಡುವ ಗೋಜಿಗೆ ಹೋಗಿರಲಿಲ್ಲ. ಬೆಳ್ಳಗೆ ಇದ್ದದ್ದು ಅಲಗಿನ ಅಂಚಿನ ಒಂದು ಬೆರಳಗಲ ಮಾತ್ರ. ಬೆನ್ನು ದಪ್ಪ, ಅಲ್ಲಿಂದ ಅಂಚಿನವರೆಗೆ ತೆಳುವಾಗುತ್ತ ತೆಳುವಾಗುತ್ತ ಇಳಿದಿತ್ತು, ಎಲ್ಲಿ ಕಬ್ಬಿಣ ಮುಗಿದು ಅಂಚು ಶುರುವಾಯಿತು ಎಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ಗಟ್ಟಿ ಕುಂಬಳಕಾಯಿಯಲ್ಲೂ ಅದು ಸಿಕ್ಕಿಕೊಳ್ಳುತ್ತಿರಲಿಲ್ಲ. ತುದಿ ಮಾತ್ರ ಮುಳ್ಳಿನಷ್ಟು ಚೂಪು. ಹಿಟ್ಟು ತುಂಬುವ ಮೆಣಸಿನಕಾಯಿಯನ್ನು ಆ ತುದಿಗೆ ತಾಗಿಸಿ ಎಳೆದರೆ ಬೀಜ ಅಲುಗದ ಹಾಗೆ ಸೀಳುತ್ತಿತ್ತು. ತೊಳೆದು ಒರೆಸದೆ ಇಟ್ಟರೆ ಸಂಜೆಯೊಳಗೆ ಕೆಂಪು ತುಕ್ಕು. ಆದ್ದರಿಂದ ಅದನ್ನು ತೊಳೆದು, ಒರೆಸಿ, ಒಲೆಯ ಬಾಜೂಕ್ಕೆ ಒಣಗಲು ಇಡಬೇಕು ಎಂಬುದು ಆಯಿಯ ಕಟ್ಟಪ್ಪಣೆ. ಹಿತ್ತಲ ಮೆಟ್ಟಿಲಿನ ಕಲ್ಲಿಗೆ ತಿಕ್ಕಿ ಮಸೆಯುತ್ತಿದ್ದರು. ಆ ಕಲ್ಲು ನಡುವೆ ಸವೆದು ದೋಣಿಯ ಹಾಗೆ ಆಗಿತ್ತು. ಈಗ ನನ್ನ ಅಡುಗೆ ಮನೆಯಲ್ಲಿ ಯಾರೋ ಉಡುಗೊರೆ ಕೊಟ್ಟ ಆರು ಹೊಳೆಯುವ ಚಾಕುಗಳು ಒಂದು ಕಟ್ಟಿಗೆಯ ಡಬ್ಬಿಯಲ್ಲಿ ನಿಂತಿವೆ. ಟೊಮೆಟೊದ ಸಿಪ್ಪೆ ಅವಕ್ಕೆ ಜಗ್ಗುವುದಿಲ್ಲ. ಅವುಗಳಲ್ಲಿ ಒಂದರ ಬೆಲೆಗೆ ನಮ್ಮ ಓಣಿಗೆಲ್ಲ ಈಳಿಗೆ ಬರುತ್ತಿದ್ದವು.

ನಾನು ಹೇಳುತ್ತಿರುವ ಈಳಿಗೆ ಮನೆಗೆ ಬಂದದ್ದು ಮನೆ ಒಡೆದ ವರ್ಷವೇ. ಅದಕ್ಕೂ ಮುಂಚಿನದು ಮಸೆದು ಮಸೆದು ಬಿದಿಗೆಯ ಚಂದ್ರನಂತೆ ಆಗಿತ್ತು. ಆ ಒಂದು ಅಲಗಿಗೆ ಇಬ್ಬರು ಹೆಂಗಸರು. ಕಾಕಾ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಅವನ ಡಬ್ಬಿ ಬೆಳಕು ಹರಿಯುವ ಮೊದಲೇ ಕಟ್ಟಬೇಕು. ಅದು ಚಿಗವ್ವನ ಪಾಲು. ಅಪ್ಪ ಮತ್ತು ಹೊಲದಲ್ಲಿ ದುಡಿಯುವವರ ಬುತ್ತಿ ಹೊತ್ತೇರಿದ ಮೇಲೆ ಹೋಗಬೇಕು. ಅದು ಅವ್ವನ ಪಾಲು. ಹೊತ್ತು ಬೇರೆ ಬೇರೆ, ಜಗಳಕ್ಕೆ ಕಾರಣವೇ ಇಲ್ಲ ಎಂದು ಗಂಡಸರು ಹೇಳುತ್ತಿದ್ದರು. ಆದರೆ ಈಳಿಗೆಗೆ ಒಂದು ರಾತ್ರಿಯ ನೆನಪು ಇರುತ್ತದೆ. ಹಿಂದಿನ ಸಂಜೆ ಯಾರು ತೊಳೆದಿಟ್ಟರು, ಯಾರು ಇಡಲಿಲ್ಲ ಎಂಬುದು ಬೆಳಿಗ್ಗೆ ತುಕ್ಕಿನಲ್ಲಿ ಕಾಣುತ್ತಿತ್ತು.

"ಅಕ್ಕಾ, ಈಳಗಿ ಒರಸಿ ಇಡೂದು ನಿಮ್ಮ ತವರಮನ್ಯಾಗ ಇದ್ದಿಲ್ಲೇನ?" ಎಂದು ಚಿಗವ್ವ ಒಂದು ದಿನ ಕೇಳಿದಳು.

"ನಮ್ಮ ತವರಮನ್ಯಾಗ ಎರಡ ಈಳಗಿ ಇದ್ದುವು," ಅವ್ವ ಒಲೆಯಿಂದ ಮುಖ ತಿರುಗಿಸಲಿಲ್ಲ. "ನೀ ಬರೂ ಮುಂದ ನಿಮ್ಮಪ್ಪಗ ಹೇಳಿ ಒಂದ ತರಬೇಕಿತ್ತು."

"ನಮ್ಮಪ್ಪ ಮಗಳ್ನ ಕೊಟ್ಟಾನ. ಅಲಗ ಇಲ್ಲೆ ಇರ್ತಾವ ಅಂತ ಅವಗ ಗೊತ್ತಿತ್ತು."

ಆಯಿ ಹಿಟ್ಟು ನಾದುತ್ತ ಕೂತಿದ್ದಳು. ಕೇಳಿಸಿಕೊಂಡಳು. ಮುಂದಿನ ಸಂತೆಗೆ ನನ್ನನ್ನು ಕರೆದುಕೊಂಡು ಮೂಡಲಗಿಗೆ ಹೋದಳು.

ಮೂಡಲಗಿಯ ಕಂಬಾರನ ಕುಲುಮೆಯ ನೆನಪನ್ನು ನಾನು ಅಷ್ಟು ಅನುಮಾನಿಸುವುದಿಲ್ಲ, ಯಾಕೆಂದರೆ ಅದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಅವನ ಹೆಂಡತಿ ತಿದಿ ಒತ್ತುತ್ತಿದ್ದಳು. ಗೋಡೆಗೆ ಲಾರಿಯ ಪಾಟಾಗಳನ್ನು ಒರಗಿಸಿದ್ದರು. ಲಾರಿಯ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಕೆಂಪಗೆ ಕಾದ ಒಂದು ತುಂಡನ್ನು ಅವನು ನೀರಿಗೆ ಅದ್ದಿದ. ಇಡೀ ಅಲ್ಲ, ಅಂಚನ್ನಷ್ಟೇ. ಕಬ್ಬಿಣ ನೀರು ಕುಡಿಯಿತು ಎಂದು ಆಯಿ ನನಗೆ ತೋರಿಸಿದಳು. ಹೆಚ್ಚು ಕುಡಿದರೆ ಗಾಜಿನ ಹಾಗೆ ಒಡೆಯುತ್ತದಂತೆ, ಕಡಿಮೆ ಕುಡಿದರೆ ಮಡಚಿಕೊಳ್ಳುತ್ತದಂತೆ. ಆಮೇಲೆ ನನ್ನ ಕೈಗೆ ಚಿಲ್ಲರೆ ಕೊಟ್ಟು ಚುರಮುರಿ ತಗೊಂಡು ಬಾ ಎಂದು ಕಳಿಸಿದಳು. ನಾನು ತಿರುಗಿ ಬರುವಷ್ಟರಲ್ಲಿ ಅವರ ಮಾತು ಮುಗಿದಿತ್ತು. ಮರುವಾರ ಅವಳೊಬ್ಬಳೇ ಹೋಗಿ ಬಂದಳು. ಗೋಣಿಚೀಲ ಹಿಡಿದು ನೇರ ನಡುಮನೆಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಹೊಸ ಈಳಿಗೆಯನ್ನು ಅಡುಗೆ ಮನೆಯ ಬೆಳಕಿನಲ್ಲಿ ಇಟ್ಟಳು. ಅವ್ವನೂ ಚಿಗವ್ವನೂ ಬಗ್ಗಿ ನೋಡಿದರು. ಇಬ್ಬರಿಗೂ ಇಷ್ಟವಾಯಿತು. ಎರಡು ಮೂರು ವಾರ ಮನೆಯಲ್ಲಿ ಜಗಳ ಇರಲಿಲ್ಲ.

ಆಮೇಲೆ ಖಂಡೇಪೂಜೆ ಬಂತು. ದಸರೆಯ ಹಿಂದಿನ ದಿನ ಮನೆಯ ಕಬ್ಬಿಣವನ್ನೆಲ್ಲ ತೊಳೆದು ಕಂಬಳಿಯ ಮೇಲೆ ಸಾಲಾಗಿ ಇಡುತ್ತಿದ್ದೆವು: ಕೊಡಲಿ, ಕುಡಗೋಲು, ಕುರ್ಪಿ, ನೇಗಿಲ ಗುಳ, ಕೊನೆಗೆ ಈಳಿಗೆ. ಅವತ್ತು ಅಲಗಿಗೆ ರಜೆ. ಏನನ್ನೂ ಕೊಯ್ಯುವಂತಿಲ್ಲ. ಹೆಸರುಕಾಳಿನ ಪಲ್ಯ, ಕೈಯಿಂದ ಮುರಿದ ಸೊಪ್ಪು, ಗುದ್ದಿ ಒಡೆದ ಉಳ್ಳಾಗಡ್ಡಿ. ವರ್ಷಕ್ಕೆ ಒಂದು ದಿನ ಮನೆಯಲ್ಲಿ ಯಾವುದೂ ಎರಡಾಗಬಾರದು ಎಂದು ಆಯಿ ಹೇಳುತ್ತಿದ್ದಳು. ಅವಳು ಒಂದೊಂದಕ್ಕೂ ಕುಂಕುಮ ಹಚ್ಚಿ ಚೆಂಡುಹೂ ಇಟ್ಟಳು. ಆಮೇಲೆ ಎದ್ದು ಹೋಗಿ, ಕುಂಕುಮ ಹತ್ತಿದ ಅದೇ ಕೈಯನ್ನು ಕಣಜದ ಕೆಳಗಿನ ಬಾಯಿಯಲ್ಲಿ ಮೊಣಕೈ ತನಕ ತೂರಿಸಿದಳು. ಇದನ್ನು ನಾನು ನೋಡಿದೆನೋ, ಮುಂದೆ ಯಾವಾಗಲೋ ಕನಸು ಕಂಡೆನೋ ಎಂದು ಬಹಳ ವರ್ಷ ಕೇಳಿಕೊಂಡಿದ್ದೇನೆ. ಜೋಳಕ್ಕೆ ಯಾರೂ ಹಾಗೆ ಕೈ ತೂರಿಸಿ ಕುಂಕುಮ ಹಚ್ಚುವುದಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಬಚ್ಚಲಲ್ಲಿದ್ದಳು. ಚಿಗವ್ವ ಅಡುಗೆ ಮನೆಯಿಂದ ಕೂಗಿದಳು:

"ತಮ್ಮಾ, ಆ ಈಳಗಿ ಇತ್ತ ಕೊಡೋ. ಹಬ್ಬದ ಅಡಗಿಗೆ ಹೊತ್ತಾಗೇತಿ."

ಕಂಬಳಿಯ ಮೇಲಿದ್ದದ್ದನ್ನು ಎತ್ತಿಕೊಂಡು ಹೋದೆ. ಅಷ್ಟು ಖರೆ. ಆಮೇಲಿನದು ಮೊದಲೇ ಹೇಳಿದಂತೆ ನನಗೆ ಗೊತ್ತಿಲ್ಲ. ಈಳಿಗೆ ಬಿತ್ತು, ಅದೂ ಖರೆ, ಯಾಕೆಂದರೆ ನೆಲದ ಕಲ್ಲಿಗೆ ತಾಗಿ ಅದರ ತುದಿ ಜೋಳದ ಕಾಳಿನಷ್ಟು ಮುರಿಯಿತು. ಬಾಗಿಲಲ್ಲಿ ಆಯಿ ನಿಂತಿದ್ದಳು. ಚಿಗವ್ವ ನನ್ನನ್ನು ನೋಡಿದಳು, ನಾನು ಆಯಿಯನ್ನು ನೋಡಿದೆ. ಆಯಿ ಬಗ್ಗಿ ಆ ಸಣ್ಣ ಚೂರನ್ನು ಹುಡುಕಿ ಎತ್ತಿ, ಸೆರಗಿನ ತುದಿಗೆ ಕಟ್ಟಿಕೊಂಡಳು. ಬೈಯಲಿಲ್ಲ. ಸಂಜೆ ಊರೆಲ್ಲ ಬನ್ನಿ ಎಲೆ ಹಂಚುತ್ತ ತಿರುಗಿತು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತ ಅವ್ವ ಚಿಗವ್ವನ ಕೈಗೆ ಕೊಟ್ಟಳು, ಚಿಗವ್ವ ಅವ್ವನ ಕಾಲಿಗೆ ಬಿದ್ದಳು. ಬನ್ನಿಯನ್ನು ಕೈಯಿಂದ ಕೈಗೇ ಕೊಡಬೇಕು, ನೆಲಕ್ಕೆ ಇಡಬಾರದು.

ಒಂದು ವಾರ ಕಳೆಯುವಷ್ಟರಲ್ಲಿ ದನ ಕಟ್ಟುವ ಜಾಗದ ಬಾಜೂಕ್ಕೆ ಎರಡನೇ ಒಲೆ ಹೂಡಿದರು. ತಿಂಗಳೊಳಗೆ ಕಾಕಾ ಫಾಲ್ಸಿನ ಮನೆಗೆ ಗಂಟುಮೂಟೆ ಕಟ್ಟಿದ. ಬಾಂಡೆ, ಹಾಸಿಗೆ, ದನ, ಎಲ್ಲ ಪಾಲಾದವು. ನೆರೆಯವಳು ಬಂದು, ಇಷ್ಟು ಚಂದ ಇದ್ದ ಮನೆಗೆ ಏನಾತವ್ವಾ, ಯಾರ ಕಡೆಯಿಂದ ಆತು, ಎಂದು ಕೇಳಿದಳು. ಅವ್ವನೂ ಚಿಗವ್ವನೂ ಅಲ್ಲೇ ಇದ್ದರು. ಆಗ ಆಯಿ ಆ ವಾಕ್ಯ ಹೇಳಿದಳು. ನೆರೆಯವಳು ನನ್ನ ಕಡೆ ನೋಡಿ "ಅಯ್ಯ, ಕೂಸಿಗೇನ ಗೊತ್ತು" ಎಂದಳು. ಆಮೇಲೆ ಯಾರು ಕೇಳಿದರೂ ಅದೇ ಉತ್ತರ. ಕೇಳಿದವರು ನನ್ನ ತಲೆ ಸವರಿ ಹೋಗುತ್ತಿದ್ದರು. ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಮುಗಿದು ಹೋಗುತ್ತಿತ್ತು ಎಂದು ಆಗಾಗ ಅನ್ನಿಸಿದೆ.

ಅವ್ವ ಹೋದ ಮೇಲೆ ತುದಿ ಮುರಿದ ಆ ಈಳಿಗೆ ನನ್ನ ಪಾಲಿಗೆ ಬಂತು. ಹೆಂಡತಿ ಅದನ್ನು ಹೊಳೆಯುವ ಚಾಕುಗಳಿಗಿಂತ ಹೆಚ್ಚು ಬಳಸುತ್ತಾಳೆ. ಹೋದ ವರ್ಷ ಹಲಗೆ ಬಿರುಕು ಬಿಟ್ಟಿತು. ಪಿಂಚಣಿಯಾದವನಿಗೆ ಮಾಡಲು ಬೇರೆ ಏನಿದೆ. ಬಸ್ಸು ಹತ್ತಿ ಮೂಡಲಗಿಗೆ ಒಯ್ದೆ. ಹಳೇ ಕಂಬಾರನ ಮಗ ಇದ್ದರು, ನನಗಿಂತ ಐದಾರು ವರ್ಷ ಸಣ್ಣವರು. ತಿದಿಯ ಜಾಗದಲ್ಲಿ ಈಗ ಕರೆಂಟಿನ ಫ್ಯಾನು. ಅವರು ಅಲಗನ್ನು ಉಗುರಿನಿಂದ ತಟ್ಟಿ ಕಿವಿ ಕೊಟ್ಟು ಕೇಳಿದರು. ಬೆನ್ನಿನ ಮೇಲೆ ಒತ್ತಿದ್ದ ಮೂರು ಚುಕ್ಕೆಯ ಗುರುತನ್ನು ಹೆಬ್ಬೆರಳಿನಿಂದ ಸವರಿದರು.

"ನಮ್ಮಪ್ಪನ ಕೈ ರೀ ಇದು. ಹಿಂಗ ನೀರ ಕುಡಿಸೂದು ನನಗಿನ್ನೂ ಪೂರಾ ಬಂದಿಲ್ಲ."

"ಈಗೂ ಇಂಥಾವ ಮಾಡ್ತೀರೇನ್ರಿ?"

"ಮಾಡ್ತೀನ್ರಿ. ಮಂದಿ ಹೊಳಿಯೂದು ಬೇಡ್ತಾರ. ಹೊಳಿಯೂದು ಬ್ಯಾರೆ, ಕೊಯ್ಯೂದು ಬ್ಯಾರೆ. ಒಂದ ಹೊತ್ತಿನ ಖಾನಾವಳಿ ಊಟದ ರೊಕ್ಕಕ್ಕ ಮೊಮ್ಮಕ್ಕಳ ಮಟ ಬರೂ ಮಾಲ ಕೊಡ್ತೀನಿ ಅಂದ್ರ ನಂಬೂದಿಲ್ರಿ. ಸಸ್ತಾ ಐತಿ, ಹಂಗಾರ ಹಲ್ಕಾ ಇರಬೇಕು ಅಂತಾರ."

ಬೆಣೆ ತೆಗೆದು, ಹಲಗೆಯನ್ನು ತಲೆಕೆಳಗು ಮಾಡಿ ತಟ್ಟಿದರು. ಮರದೊಳಗೆ ಹುಗಿದಿದ್ದ ಬುಡ ಹೊರಗೆ ಬಂತು. ಇಷ್ಟು ವರ್ಷ ಯಾರೂ ನೋಡದ ಆ ಬುಡದ ಕೊನೆ ನೇರವಾಗಿರಲಿಲ್ಲ, ಅರ್ಧಚಂದ್ರದಂತೆ ಕಚ್ಚಿಕೊಂಡಿತ್ತು. ಇದೇನು ಎಂದು ಕೇಳಿದೆ.

"ಪಾಟಾದ ನಡುವ ಬೋಲ್ಟಿನ ತೂತ ಇರ್ತೈತ್ರಿ. ಎರಡ ಮಾಡೂದಿದ್ರ ನಮ್ಮಪ್ಪ ತೂತಿನ ಮ್ಯಾಲಽ ಉಳಿ ಇಟ್ಟು ಕಡೀತಿದ್ದ. ಅಲ್ಲೆ ಕಬ್ಬಿಣ ಕಡಿಮಿ, ಅರ್ಧ ದುಡಿತ ಉಳೀತೈತಿ. ಆ ಕಡೆ ಅರ್ಧ, ಈ ಕಡೆ ಅರ್ಧ. ತೂತಿನ ಕಡೆದು ಬುಡಕ್ಕ ಹೋಗ್ತೈತಿ, ಕಟ್ಟಿಗಿಯೊಳಗ ಮುಚ್ಚಿಕೋತೈತಿ." ಅವರು ಬುಡವನ್ನು ನನ್ನ ಕಡೆ ತಿರುಗಿಸಿದರು. "ಇದು ಜೋಡಿ ರೀ. ಇದರ ಇನ್ನೊಂದು ಅರ್ಧ ಎಲ್ಯೋ ಐತಿ."

"ಉಳಿದ ಅರ್ಧದಾಗ ಬ್ಯಾರೆ ಯಾರದರೆ ಕುಡಗೋಲ ಮಾಡಿರಬೇಕು."

"ಮಾಡಿರಬಹುದು ರೀ," ಎಂದು ಅವರು ಹೆಗಲು ಕುಣಿಸಿದರು. "ಜೋಡಿ ಸಿಕ್ರ ತಂದ ಕೂಡಿಸಿ ನೋಡ್ರಿ. ಕಡದ ಕಬ್ಬಿಣ ಸುಳ್ಳ ಹೇಳೂದಿಲ್ಲ."

ಅವರು ಹೊಸ ಹಲಗೆಗೆ ಹಾಕಿಕೊಡುತ್ತೇನೆ ಎಂದರು. ನಾನು ಬೇಡವೆಂದೆ. ಚಿಗವ್ವನ ಮನೆಯಲ್ಲೂ ಇಂಥದೇ ಕಪ್ಪು ಈಳಿಗೆ ನೋಡಿದ ನೆನಪಿತ್ತು. ಅಲಗನ್ನು ಹಾಗೇ ಪೇಪರಿನಲ್ಲಿ ಸುತ್ತಿಕೊಂಡು ಹತ್ತರಗಿಗೆ ಹೋದೆ.

ಹತ್ತರಗಿ ಹುಕ್ಕೇರಿ ತಾಲೂಕಿನದು, ಚಿಗವ್ವನ ತವರು. ಕಾಕಾ ಮಿಲ್ಲಿನ ಕೆಲಸ ಮುಗಿಸಿ ಅಲ್ಲೇ ಮನೆ ಕಟ್ಟಿಸಿದ್ದ. ಹೈವೇಯ ಲಾರಿಗಳ ಸದ್ದು ಅಡುಗೆ ಮನೆಯ ತನಕ ಬರುತ್ತದೆ. ಎಂಬತ್ತರ ಹತ್ತಿರದ ಚಿಗವ್ವ ಈಗಲೂ ಹಲಗೆಯ ಮೇಲೆ ಕಾಲಿಟ್ಟು ಚವಳಿಕಾಯಿ ಹೆಚ್ಚುತ್ತ ಕೂತಿದ್ದಳು. ಅವಳ ಸೊಸೆ ಕಟ್ಟೆಯ ಹತ್ತಿರ ನಿಂತು ಚಾಕುವಿನಿಂದ ಟೊಮೆಟೊ ಜಜ್ಜುತ್ತಿದ್ದಳು.

"ಬಾ ತಮ್ಮಾ. ಪಿಂಚಣಿ ಆದಮ್ಯಾಲ ನಾವು ನೆನಪಾಗ್ತೇವಿ," ಎಂದಳು. ಕೈ ನಿಲ್ಲಿಸಲಿಲ್ಲ.

"ಚಿಗವ್ವಾ, ಈ ಈಳಗಿ ನಿನಗ ಯಾರ ಕೊಟ್ಟದ್ದು?"

"ನಿಮ್ಮ ಆಯಿ. ಫಾಲ್ಸಿಗೆ ಹೋಗೂ ದಿನಾ. ಗಂಟಿನ ಮ್ಯಾಲ ಇಟ್ಲು, ನಾ ಎತ್ತಿಕೊಂಡೆ. ಎಣ್ಣಿ ಹಚ್ಚಿದ್ಲು, ಮ್ಯಾಲ ನಾಕ ಜ್ವಾಳದ ಕಾಳ ಹತ್ತಿದ್ವು. ಯಾಕ?"

ಪೇಪರು ಬಿಚ್ಚಿ ತೋರಿಸಿದೆ. ಮೂಡಲಗಿಯಲ್ಲಿ ಕೇಳಿದ್ದನ್ನು ಹೇಳಿದೆ. ನಿನ್ನದನ್ನೂ ಹಲಗೆಯಿಂದ ಬಿಚ್ಚಿ ನೋಡಬೇಕು ಎಂದೆ.

"ಚವಳಿಕಾಯಿ ಅರ್ಧ ಆಗ್ಯಾವು. ಊಟ ಆಗ್ಲಿ. ಇಷ್ಟ ವರ್ಷ ಕಾದದ್ದು ಒಂದ ತಾಸ ಕಾಯೂದಿಲ್ಲೇನ?"

ಊಟವಾಯಿತು. ಪಲ್ಯ ಚೆನ್ನಾಗಿತ್ತು, ಒಂದೊಂದು ತುಂಡೂ ಒಂದೇ ಅಳತೆ. ಆಮೇಲೆ ಅವಳೇ ಹಿತ್ತಲಿನಿಂದ ಒಂದು ಗುಂಡುಕಲ್ಲು ತಂದು, ನನಗೆ ಕೊಡದೆ, ಹಲಗೆಯನ್ನು ಬೋರಲು ಹಾಕಿ ತಾನೇ ತಟ್ಟಿದಳು. ನಾಲ್ಕನೇ ಪೆಟ್ಟಿಗೆ ಬುಡ ಸಡಿಲಾಯಿತು. ಕೊನೆಯಲ್ಲಿ ಅರ್ಧಚಂದ್ರ ಇತ್ತು. ಬೆನ್ನಿನ ಮೇಲೆ ಮೂರು ಚುಕ್ಕೆ. ಹೊರಗೆ ಒಂದು ಲಾರಿ ಗೇರು ಬದಲಿಸಿತು.

"ಖಂಡೇಪೂಜಿ ದಿನಾ ನಿಮ್ಮ ಆಯಿ ಕಣಜದಾಗ ಕೈ ತೂರಿಸಿದ್ಲು," ಎಂದಳು ಚಿಗವ್ವ. ನನ್ನ ನೆನಪನ್ನು ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ. "ಕೈತುಂಬ ಕುಂಕುಮ. ಅತ್ತಿ, ರೊಟ್ಟಿ ಕೆಂಪಾಕ್ಕಾವು ಅಂದೆ. 'ಕಬ್ಬಿಣ ಎಲ್ಲಿದ್ರೂ ಕಬ್ಬಿಣನಽ, ಇವತ್ತ ಅದಕ್ಕ ಕುಂಕುಮ ಹತ್ತಬೇಕು' ಅಂದ್ಲು. ಜ್ವಾಳದಾಗ ಎಲ್ಲಿಂದ ಬಂತು ಕಬ್ಬಿಣ ಅಂತ ನಾ ಕೇಳಲಿಲ್ಲ. ಕೇಳೂದು ಬ್ಯಾಡ ಅನಿಸ್ತು."

"ಅಂದ್ರ ನಾ ಕೈಯಾಗ ಕೊಡೂ ಮೊದಲಽ ಎರಡನೇದು ಮನ್ಯಾಗ ಇತ್ತು."

"ಇತ್ತು."

"ಮನಿ ಎರಡ ಮಾಡೂದು ಆಯಿಗೆ ಮೊದಲಽ ಗೊತ್ತಿತ್ತು."

"ಆಕಿಗೆ ಅಷ್ಟೆಲ್ಲ ಗೊತ್ತಿದ್ದಿಲ್ಲ. ಒಂದ ಒಲಿಗೆ ನಾವಿಬ್ಬರೂ ತಡ್ಯಾಂಗಿಲ್ಲ ಅನ್ನೂದು ನಮಗಿಂತ ಮೊದಲ ಆಕಿಗೆ ಗೊತ್ತಾಗಿತ್ತು."

"ಹಂಗಾರ ನನ್ನ ಮ್ಯಾಲ ಯಾಕ ಹಾಕಿದ್ಲು ಚಿಗವ್ವಾ?"

ಅವಳು ಸೆರಗಿನಿಂದ ಅಲಗನ್ನು ಒರೆಸುತ್ತಿದ್ದಳು. "ಮತ್ತ ಯಾರ ಮ್ಯಾಲ ಹಾಕ್ಬೇಕಿತ್ತು? ನನ್ನ ಮ್ಯಾಲ ಹಾಕಿದ್ರ ನಾ ಆ ಹೊಸ್ತಲಾ ತುಳೀತಿದ್ದಿಲ್ಲ. ನಿಮ್ಮವ್ವನ ಮ್ಯಾಲ ಹಾಕಿದ್ರ ಆಕಿ ನನ್ನ ಮಾರಿ ನೋಡ್ತಿದ್ದಿಲ್ಲ. ಹುಡುಗನ ತಪ್ಪಂದ್ರ ಯಾರ ಸಿಟ್ಟಾಗ್ತಾರ? ನಿಮ್ಮವ್ವ ಇರೂ ಮಟ ಒಂದ ದಸರಾ ಬಿಡದ ನನಗ ಬನ್ನಿ ಕೊಡಾಕ ಬಂದ್ಲು."

"ನಾ ಎಂಟ ವರ್ಷದಾವ ಇದ್ದೆ."

"ಹೌದಪ್ಪಾ," ಎಂದಳು. ಅಲಗಿನ ಇನ್ನೊಂದು ಮಗ್ಗುಲು ಒರೆಸುತ್ತ, "ನೀ ಮರೀತೀ ಅಂತ ತಿಳಿದಿದ್ದಿವಿ."

ಅವಳ ದನಿಯಲ್ಲಿ ಕ್ಷಮೆ ಕೇಳುವ ಧಾಟಿ ಇರಲಿಲ್ಲ. ಇದ್ದಿದ್ದರೂ ಅದನ್ನು ಎಲ್ಲಿಡುವುದು ಎಂದು ನನಗೆ ತಿಳಿಯುತ್ತಿರಲಿಲ್ಲ. ಎದೆಯಿಂದ ದೊಡ್ಡ ಭಾರ ಇಳಿಯುತ್ತದೆ ಎಂದುಕೊಂಡು ಹೋಗಿದ್ದೆ. ಹಾಗೇನೂ ಆಗಲಿಲ್ಲ. ಬಹಳ ದೂರ ಹೊತ್ತುಕೊಂಡು ಬಂದ ಗಂಟನ್ನು ಇಳಿಸಿದರೆ ಮೊದಲು ಗೊತ್ತಾಗುವುದು ಹೆಗಲ ನೋವು. ಆ ದಿನ ನಾನು ಕೈಗೆ ಕೊಟ್ಟೆನೋ ಇಲ್ಲವೋ ಎಂದು ಅವಳನ್ನು ಕೇಳಿದೆ. ಅವಳ ಪ್ರಕಾರ ನಾನು ನೆಲಕ್ಕಿಟ್ಟೆ, ಎತ್ತಿಕೊಳ್ಳುವಾಗ ಅವಳ ಕೈಯಿಂದಲೇ ಜಾರಿತು. ಅವ್ವನದು ಒಂದು, ಕಾಕಾನದು ಒಂದು, ಈಗ ಇದೊಂದು. ಇಳಿ ವಯಸ್ಸಿನ ಹೆಂಗಸು, ಮುಂದೆ ಕೂತವನ ಮುಖ ನೋಡಿ ಹೇಳಿದ್ದಾಳೆ. ನಾನು ಇದನ್ನು ಸಾಕ್ಷಿ ಎಂದು ಒಪ್ಪಲಾರೆ.

ಉಳಿದ ಅನುಮಾನಗಳೂ ಹಾಗೇ ಇವೆ. ಕಂಬಾರ ಅರ್ಧ ಪಟ್ಟಿಯನ್ನು ಮೂಲೆಗಿಟ್ಟು, ಎಷ್ಟೋ ದಿನದ ಮೇಲೆ ಎರಡನೆಯದನ್ನು ಮಾಡಿರಬಹುದು. ಎರಡು ಅರ್ಧಚಂದ್ರಗಳು ಎರಡು ಬೇರೆ ಪಟ್ಟಿಗಳವೇ ಇರಬಹುದು. ಎಲ್ಲ ಪಾಟಾದಲ್ಲೂ ತೂತು ಇರುತ್ತದೆ. ಕಣಜದ ಕುಂಕುಮವನ್ನು ನಾವಿಬ್ಬರೂ ಆಯಿಯ ಬಾಯಿಂದಲೇ ಕೇಳಿ, ಕಂಡೆವು ಅಂದುಕೊಂಡಿರಬಹುದು. ಚಿಗವ್ವನಿಗೆ ಸಂಜೆಯ ಅಡುಗೆಗೆ ಈಳಿಗೆ ಬೇಕಿತ್ತು. ಬಿಚ್ಚಿಸಿದವನು ನಾನು, ಹಲಗೆಗೆ ಕೂಡಿಸಿ ತರುವುದೂ ನನ್ನದೇ ಕೆಲಸ. ಅವಳು ತನ್ನ ಅಲಗನ್ನು ನನ್ನ ಮುಂದೆ ನೆಲಕ್ಕಿಟ್ಟಳು, ನಾನು ಎತ್ತಿಕೊಂಡೆ. ಅವಳ ಮುಂದೆ ಒಂದಕ್ಕೊಂದು ಕೂಡಿಸಿ ನೋಡಲು ಮನಸ್ಸಾಗದೆ, ಎರಡನ್ನೂ ಹಿಡಿದು ಹುಕ್ಕೇರಿಗೆ ಹೋದೆ.

ಹುಕ್ಕೇರಿಯ ಬಡಿಗರ ಅಂಗಡಿಯ ಬಾಜೂಕ್ಕೆ ಲಾರಿಯ ಪಾಟಾ ಕಟ್ಟುವ ಗ್ಯಾರೇಜು. ಬಡಿಗರು ಹಲಗೆ ಕೊರೆಯುವಷ್ಟು ಹೊತ್ತು ಎರಡೂ ಅಲಗುಗಳನ್ನು ಅಲ್ಲಿಯ ಮೆಕ್ಯಾನಿಕನ ಕಬ್ಬಿಣದ ಮೇಜಿನ ಮೇಲೆ ಬುಡಕ್ಕೆ ಬುಡ ಇಟ್ಟೆ. ಮೊದಲ ಸಲ ಕೂಡಲಿಲ್ಲ. ಒಂದನ್ನು ಮಗ್ಗುಲು ಬದಲಿಸಿದಾಗ, ಉಳಿಯ ಪೆಟ್ಟಿಗೆ ಒಂದರಲ್ಲಿ ಎದ್ದ ಉಬ್ಬು ಇನ್ನೊಂದರ ತಗ್ಗಿಗೆ ಹೋಗಿ ಕೂತಿತು, ಸಂದಿನಲ್ಲಿ ಉಗುರು ಇಳಿಯಲಿಲ್ಲ. ಮೆಕ್ಯಾನಿಕ್ ಡಬ್ಬಿಯಿಂದ ಪಾಟಾದ ನಡುವಿನ ಬೋಲ್ಟೊಂದನ್ನು ತೆಗೆದು ಆ ತೂತಿಗೆ ಇಳಿಸಿದ. ತುಸು ಬಿಗಿಯಾಗಿ ಇಳಿಯಿತು. ಎರಡು ಈಳಿಗೆಗಳೂ ಒಂದೇ ಪಟ್ಟಿಯವು.